ಒಥೆಲೊಗೂ ಕ್ಯಾಂಟೀನಿನ ಮಾತಿಗೂ ಒಂದೇ ಒರೆಗಲ್ಲು

ಬ್ರಿಟನ್ನಿನ ಬಹುಭಾಗದಲ್ಲಿ ಹದಿನಾರರಿಂದ ಹದಿನೆಂಟರ ವಯಸ್ಸಿನವರೆಗಿನ ಎರಡು ವರ್ಷಗಳ ಓದಿಗೆ ‘ಸಿಕ್ಸ್ತ್ ಫಾರ್ಮ್’ ಎಂಬ ಹಳೆಯ ಹೆಸರು ಇಂದಿಗೂ ಉಳಿದುಬಂದಿದೆ. ಹಿಂದೆ ಹನ್ನೊಂದನೆಯ ವಯಸ್ಸಿಗೆ ಪ್ರೌಢಶಾಲೆ ಸೇರಿದ ವಿದ್ಯಾರ್ಥಿ ವರ್ಷಕ್ಕೊಂದು ‘ಫಾರ್ಮ್’ನಂತೆ ಐದನ್ನು ಮುಗಿಸಿ, ವಿಶ್ವವಿದ್ಯಾಲಯಕ್ಕೆ ಹೋಗುವ ಇರಾದೆಯಿದ್ದರೆ ಆರನೆಯದರಲ್ಲಿ ಎರಡು ವರ್ಷ ನಿಲ್ಲುತ್ತಿದ್ದ, ಈಗ ಇಂಗ್ಲೆಂಡಿನಲ್ಲಿ ಅವನ್ನು 12ನೆಯ ಮತ್ತು 13ನೆಯ ವರ್ಷ ಎಂದು ಎಣಿಸುವ ಪದ್ಧತಿ ಬಂದಿದ್ದರೂ ಶಾಲೆಗಳಾಗಲಿ ಪೋಷಕರಾಗಲಿ ಹಳೆಯ ಹೆಸರನ್ನು ಬಿಟ್ಟಿಲ್ಲ. ವಯಸ್ಸಿನ ಲೆಕ್ಕದಲ್ಲಿ ಇದು ಕರ್ನಾಟಕದ ಪದವಿಪೂರ್ವ ಶಿಕ್ಷಣಕ್ಕೆ ಸರಿಸಮ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಪಿಯು ವಿದ್ಯಾರ್ಥಿ ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದುವ ಕಾಲದಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿ ಸಾಮಾನ್ಯವಾಗಿ ಮೂರೇ ಮೂರು ವಿಷಯಗಳನ್ನು ಆರಿಸಿಕೊಂಡು, ಉಳಿದೆಲ್ಲವನ್ನೂ ಹದಿನಾರಕ್ಕೇ ಕೈಬಿಡುತ್ತಾನೆ. ಹದಿನಾರರ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಇಂಗ್ಲಿಷ್ ಭಾಷೆಯನ್ನು ಪಾಸು ಮಾಡಿದವರಿಗೆ, ಇಂಗ್ಲಿಷರ ನಾಡಿನಲ್ಲೇ, ಅಲ್ಲಿಂದಾಚೆಗೆ ಇಂಗ್ಲಿಷ್ ಕಡ್ಡಾಯವಲ್ಲ.

ಈ ಎರಡು ವರ್ಷಗಳ ಕೊನೆಯಲ್ಲಿ ಬರುವ ಪರೀಕ್ಷೆಯೇ ‘ಎ ಲೆವೆಲ್’. 1951ರಲ್ಲಿ ಅದಕ್ಕೂ ಹಿಂದಿನ ಹೈಯರ್ ಸ್ಕೂಲ್ ಸರ್ಟಿಫಿಕೇಟ್ ಎಂಬ ಪರೀಕ್ಷೆಯ ಜಾಗದಲ್ಲಿ ಬಂದ ಇದು, ನಡುವೆ ಹಲವು ಬಾರಿ ಮೈಬದಲಿಸಿದರೂ, ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಕೀಲಿಯಾಗಿ ಇಂದಿಗೂ ನಡೆಯುತ್ತಿದೆ. ಇಂಗ್ಲಿಷನ್ನು ಆರಿಸಿಕೊಳ್ಳಬಯಸುವ ವಿದ್ಯಾರ್ಥಿಯ ಮುಂದೆ ಇಲ್ಲಿ ಒಂದಲ್ಲ, ಮೂರು ಬೇರೆಬೇರೆ ವಿಷಯಗಳಿವೆ: ಇಂಗ್ಲಿಷ್ ಸಾಹಿತ್ಯ, ಇಂಗ್ಲಿಷ್ ಭಾಷೆ, ಮತ್ತು ಎರಡನ್ನೂ ಬೆಸೆದ ‘ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯ’. ಮೊದಲೆರಡರ ಅರ್ಥ ಹೆಸರಿನಿಂದಲೇ ತಿಳಿಯುತ್ತದೆ. ಮೂರನೆಯದನ್ನು ಎರಡರಿಂದಲೂ ಅರ್ಧರ್ಧ ತೆಗೆದು ಮಾಡಿದ ಹಗುರ ಪಠ್ಯಕ್ರಮವೆಂದು ಭಾವಿಸುವವರು ಇಂಗ್ಲೆಂಡಿನಲ್ಲೂ ಇದ್ದಾರೆ. ಆದರೆ ಆ ಭಾವನೆ ತಪ್ಪು, ಮತ್ತು ಅದೇಕೆ ತಪ್ಪೆಂಬುದನ್ನು ವಿವರಿಸಿದರೆ ಸಾಹಿತ್ಯ ಮತ್ತು ಭಾಷೆ ಒಂದನ್ನೊಂದು ಹೇಗೆ ಬೆಳಗಬಲ್ಲವು ಎಂಬುದೂ ತಾನಾಗಿ ತಿಳಿಯುತ್ತದೆ.

ಸಾಹಿತ್ಯದ ಎ ಲೆವೆಲ್ ಹೆಚ್ಚು ಪರಿಚಿತ ಮಾದರಿಯದು. ವಿದ್ಯಾರ್ಥಿ ಕಾವ್ಯ, ಗದ್ಯ, ನಾಟಕಗಳಿಂದ ಕನಿಷ್ಠ ಎಂಟು ಕೃತಿಗಳನ್ನು ಓದಬೇಕು, ಅವುಗಳಲ್ಲಿ ಮೂರಾದರೂ 1900ಕ್ಕಿಂತ ಹಿಂದಿನವಾಗಿರಬೇಕು, ಆ ಮೂರರಲ್ಲಿ ಒಂದು ಶೇಕ್ಸ್‌ಪಿಯರನದಾಗಿರಬೇಕು, ಒಂದು ಕೃತಿ 2000ದ ಈಚೆಗೆ ಬಂದಿರಬೇಕು ಎಂಬುದು ಸರ್ಕಾರವೇ ಹಾಕಿಕೊಟ್ಟ ಚೌಕಟ್ಟು. ಅದರೊಳಗೆ ಯಾವ ಕೃತಿ ಎಂಬುದನ್ನು ಎಕ್ಯೂಎ, ಒಸಿಆರ್, ಪಿಯರ್ಸನ್ ಎಡೆಕ್ಸೆಲ್, ಎಡುಕಾಸ್ ಮೊದಲಾದ ಪರೀಕ್ಷಾ ಮಂಡಳಿಗಳು ಪಟ್ಟಿ ಮಾಡುತ್ತವೆ, ಮತ್ತು ಆ ಪಟ್ಟಿಯಿಂದ ಆಯ್ಕೆ ಮಾಡುವ ಸ್ವಾತಂತ್ರ್ಯ ಶಾಲೆಯದು. ರಾಜ್ಯದ ಉದ್ದಗಲಕ್ಕೂ ಒಂದೇ ಪಠ್ಯಪುಸ್ತಕವನ್ನು ಕಂಡ ಕನ್ನಡ ಓದುಗರಿಗೆ ಈ ಏರ್ಪಾಡು ವಿಚಿತ್ರವೆನಿಸಬಹುದು: ಒಂದೇ ಬೀದಿಯ ಎರಡು ಶಾಲೆಗಳ ಮಕ್ಕಳು ಒಂದೇ ಹೆಸರಿನ ಪರೀಕ್ಷೆಗೆ ಪೂರ್ತಿ ಬೇರೆ ಪುಸ್ತಕಗಳನ್ನು ಓದುತ್ತಿರುವುದು ಅಲ್ಲಿ ದಿನನಿತ್ಯದ ಸಂಗತಿ. ಇವುಗಳ ಜೊತೆಗೆ ಹಿಂದೆಂದೂ ಓದದ ಕವಿತೆಯನ್ನೋ ಗದ್ಯಭಾಗವನ್ನೋ ಪರೀಕ್ಷಾ ಕೊಠಡಿಯಲ್ಲೇ ಮೊದಲ ಬಾರಿಗೆ ಕಂಡು ವಿಮರ್ಶಿಸುವ ‘ಅನ್‌ಸೀನ್’ ಪ್ರಶ್ನೆಯೂ ಇರುತ್ತದೆ. ಕೇಂಬ್ರಿಜ್‌ನ ಐ. ಎ. ರಿಚರ್ಡ್ಸ್ ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದ ಪ್ರತಿಕ್ರಿಯೆಗಳನ್ನು 1929ರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥದಲ್ಲಿ ಚರ್ಚಿಸಿದ್ದರ ದೂರದ ವಂಶಜನೇ ಈ ಪ್ರಶ್ನೆ.

ಭಾಷೆಯ ಎ ಲೆವೆಲ್ ಇನ್ನೊಂದೇ ಲೋಕ. ಇದು ಇಂಗ್ಲಿಷ್ ಕಲಿಸುವ ವಿಷಯವಲ್ಲ, ಇಂಗ್ಲಿಷ್ ಹೇಗೆ ನಡೆಯುತ್ತದೆ ಎಂಬುದನ್ನು ಪರಿಶೀಲಿಸುವ ವಿಷಯ. ಮಗು ಮಾತು ಕಲಿಯುವ ಬಗೆ, ಊರು, ವರ್ಗ, ಲಿಂಗ, ವೃತ್ತಿಗಳಿಗೆ ತಕ್ಕಂತೆ ಮಾತು ಬದಲಾಗುವ ಬಗೆ, ಶತಮಾನಗಳಲ್ಲಿ ಪದಗಳೂ ವ್ಯಾಕರಣವೂ ಸರಿದುಹೋಗುವ ಬಗೆ ಇಲ್ಲಿನ ಪಾಠಗಳು. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕನ್ ಸಂಶೋಧಕಿ ಹಕ್ಕಿಯಂಥ ಕಾಲ್ಪನಿಕ ಜೀವಿಯೊಂದರ ಚಿತ್ರ ತೋರಿಸಿ, ಅದಕ್ಕೆ ‘ವಗ್’ ಎಂಬ ಇಲ್ಲದ ಹೆಸರಿಟ್ಟು, ಅಂಥವು ಎರಡಿದ್ದರೆ ಏನೆನ್ನಬೇಕೆಂದು ಪುಟ್ಟ ಮಕ್ಕಳನ್ನು ಕೇಳಿದಾಗ, ಎಂದೂ ಕೇಳಿರದ ಆ ಪದಕ್ಕೂ ಬಹುವಚನ ಪ್ರತ್ಯಯವನ್ನು ಸರಿಯಾಗಿಯೇ ಹಚ್ಚಿದರೆಂಬ ಪ್ರಯೋಗ ಈ ತರಗತಿಗಳಲ್ಲಿ ಬಹು ಪ್ರಸಿದ್ಧ. ಮಗು ದೊಡ್ಡವರ ಮಾತನ್ನು ಬರಿದೆ ಅನುಕರಿಸುವುದಿಲ್ಲ, ನಿಯಮವನ್ನೇ ಹೆಕ್ಕಿಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ಸರಳವಾದ ಪುರಾವೆ ಇನ್ನೊಂದಿಲ್ಲ.

ಈ ಎರಡು ವಿಷಯಗಳು ಬೇರೆಬೇರೆ ದಾರಿ ಹಿಡಿದದ್ದಕ್ಕೆ ದೀರ್ಘ ಇತಿಹಾಸವಿದೆ, ಮತ್ತು ಅದರ ಒಂದು ತುದಿ ಭಾರತದಲ್ಲಿದೆ. ಇಂಗ್ಲಿಷ್ ಸಾಹಿತ್ಯವು ಪಠ್ಯವಿಷಯವಾಗಿ ರೂಪುಗೊಂಡದ್ದು ಇಂಗ್ಲೆಂಡಿಗಿಂತ ಮೊದಲು ವಸಾಹತು ಭಾರತದಲ್ಲಿ ಎಂದು ವಿದ್ವಾಂಸೆ ಗೌರಿ ವಿಶ್ವನಾಥನ್ 1989ರ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಗ್ರಂಥದಲ್ಲಿ ವಾದಿಸಿದ್ದಾರೆ. ಗ್ರೀಕ್ ಮತ್ತು ಲ್ಯಾಟಿನ್ ಅಭಿಜಾತ ಕೃತಿಗಳೇ ವಿದ್ಯೆಯೆನಿಸಿದ್ದ ಇಂಗ್ಲೆಂಡಿನಲ್ಲಿ ಮನೆಮಾತಿನ ಕಾವ್ಯವನ್ನು ತರಗತಿಯಲ್ಲಿ ಓದಿಸುವ ಅಗತ್ಯ ಬಹುಕಾಲ ಯಾರಿಗೂ ತೋರಿರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಅಧ್ಯಯನಕ್ಕೆ ಪ್ರತ್ಯೇಕ ವ್ಯವಸ್ಥೆಯಾದದ್ದು 1894ರಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಮೊದಲ ಮಹಾಯುದ್ಧದ ಬಳಿಕ, 1921ರಲ್ಲಿ ಬಂದ ನ್ಯೂಬೋಲ್ಟ್ ವರದಿ ಇಂಗ್ಲಿಷ್ ಸಾಹಿತ್ಯವನ್ನು ರಾಷ್ಟ್ರದ ಶಿಕ್ಷಣದ ನಡುಮನೆಗೆ ತಂದಿತು. ಆ ಮೇಲೆ ಕೇಂಬ್ರಿಜ್‌ನ ಎಫ್. ಆರ್. ಲೀವಿಸ್ ಮತ್ತು ಅವರ ಬಳಗ ‘ಸ್ಕ್ರೂಟಿನಿ’ ಪತ್ರಿಕೆಯ ಮೂಲಕ ಸಾಹಿತ್ಯದ ಓದೆಂದರೆ ಬದುಕಿನ ಮೌಲ್ಯನಿರ್ಣಯವೆಂಬ ನಂಬಿಕೆಯನ್ನು ಒಂದು ತಲೆಮಾರಿನ ಶಾಲಾ ಶಿಕ್ಷಕರಲ್ಲಿ ಬಿತ್ತಿದರು. ಅಂಥ ಓದಿನಲ್ಲಿ ಭಾಷಾವಿಜ್ಞಾನಕ್ಕೆ ಹೇಳಿಕೊಳ್ಳುವ ಜಾಗವಿರಲಿಲ್ಲ.

ಭಾಷೆಯ ಕಡೆಯಿಂದ ಹೆಜ್ಜೆ ಇಟ್ಟವರು ಎಂ. ಎ. ಕೆ. ಹ್ಯಾಲಿಡೆ. 1964ರಿಂದ 1971ರವರೆಗೆ ಅವರು ಮುನ್ನಡೆಸಿದ ಯೋಜನೆಯೊಂದು ಶಾಲಾ ಶಿಕ್ಷಕರಿಗೆಂದು ‘ಲ್ಯಾಂಗ್ವೇಜ್ ಇನ್ ಯೂಸ್’ ಎಂಬ ಪಾಠಸಾಮಗ್ರಿಯನ್ನು ಹೊರತಂದಿತು. ವ್ಯಾಕರಣವೆಂದರೆ ತಪ್ಪು ತಿದ್ದುವ ಬೆತ್ತವಲ್ಲ, ಜನ ಮಾತಿನಿಂದ ಏನೇನು ಸಾಧಿಸಿಕೊಳ್ಳುತ್ತಾರೆ ಎಂಬುದರ ವಿವರಣೆ ಎಂಬುದು ಅದರ ಧೋರಣೆ. ಅದೇ ದಶಕದ ಕೊನೆಯಲ್ಲಿ ವಿಮರ್ಶಕ ಎಫ್. ಡಬ್ಲ್ಯೂ. ಬೇಟ್ಸನ್ ಮತ್ತು ಭಾಷಾವಿಜ್ಞಾನಿ ರೋಜರ್ ಫೌಲರ್ ನಡುವೆ ‘ಎಸ್ಸೇಸ್ ಇನ್ ಕ್ರಿಟಿಸಿಸಂ’ ಪತ್ರಿಕೆಯಲ್ಲಿ ನಡೆದ ವಾಗ್ವಾದ ಇಂದಿಗೂ ನೆನಪಿನಲ್ಲಿದೆ: ಭಾಷಾವಿಜ್ಞಾನ ವರ್ಣಿಸುವುದರಲ್ಲೇ ಉಳಿಯುತ್ತದೆ, ಸಾಹಿತ್ಯಕ್ಕೆ ಬೇಕಾದ ಮೌಲ್ಯನಿರ್ಣಯ ಅದರ ಕೈಗೆ ಎಟುಕದು ಎಂಬುದು ಬೇಟ್ಸನ್ ಪಕ್ಷ, ಕಾವ್ಯವೂ ಭಾಷೆಯಲ್ಲೇ ನಡೆಯುವ ವ್ಯವಹಾರವಾದ್ದರಿಂದ ಅದನ್ನು ವಿವರಿಸುವ ಸಲಕರಣೆಯನ್ನು ಹೊರಗಿಡಲು ಕಾರಣವಿಲ್ಲವೆಂಬುದು ಫೌಲರ್ ಪಕ್ಷ. ಇಬ್ಬರೂ ತಮ್ಮ ತಮ್ಮ ಪಟ್ಟು ಬಿಡಲಿಲ್ಲ. ಜಗಳ ಸರ್ಕಾರದ ಅಂಗಳಕ್ಕೂ ಬಂತು. ರೊನಾಲ್ಡ್ ಕಾರ್ಟರ್ ನೇತೃತ್ವದಲ್ಲಿ 1989ರಿಂದ 1992ರವರೆಗೆ ನಡೆದ ‘ಲಿಂಕ್’ ಎಂಬ ಶಿಕ್ಷಕ ತರಬೇತಿ ಯೋಜನೆಯ ಪಾಠಸಾಮಗ್ರಿಯಲ್ಲಿ ಶಿಷ್ಟ ಇಂಗ್ಲಿಷಿನ ವ್ಯಾಕರಣಾಭ್ಯಾಸಕ್ಕಿಂತ ಮಾತಿನ ವೈವಿಧ್ಯಕ್ಕೆ ಹೆಚ್ಚು ಒತ್ತು ಬಿದ್ದದ್ದು ಆಗಿನ ಸರ್ಕಾರಕ್ಕೆ ಹಿಡಿಸದೆ, ಹಣ ಕೊಟ್ಟವರೇ ಅದರ ಪ್ರಕಟಣೆಯನ್ನು ತಡೆದರು.

ಕನ್ನಡದ ಪರಂಪರೆಗೆ ಈ ಒಡಕು ಅಷ್ಟಾಗಿ ಪರಿಚಿತವಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರಕ್ಕೊಂದು ಉದಾಹರಣೆ ಬೇಕಾದಾಗ ಪೂರ್ವಕವಿಗಳ ಪದ್ಯಗಳತ್ತಲೇ ಕೈಚಾಚುತ್ತಾನೆ, ವೈಯಾಕರಣ ಮತ್ತು ಕಾವ್ಯರಸಿಕ ಅಲ್ಲಿ ಒಬ್ಬನೇ.

ಬೆಸೆದ ಪಠ್ಯಕ್ರಮದ ತಿರುಳು ಇರುವುದು ಇಂಗ್ಲಿಷಿನಲ್ಲಿ ‘ಸ್ಟೈಲಿಸ್ಟಿಕ್ಸ್’ ಎನ್ನಲಾಗುವ ಶೈಲಿವಿಜ್ಞಾನದಲ್ಲಿ, ಅಂದರೆ ಕೃತಿಯೊಂದು ಓದುಗನ ಮೇಲೆ ಬೀರುವ ಪರಿಣಾಮವನ್ನು ಅದರ ಪದ, ವಾಕ್ಯ, ಧ್ವನಿ, ಸಂಭಾಷಣೆಗಳ ನಿರ್ದಿಷ್ಟ ಲಕ್ಷಣಗಳವರೆಗೆ ಹಿಂಬಾಲಿಸಿ ಹೋಗುವ ಶಿಸ್ತಿನಲ್ಲಿ. ಇದು ಹೇಗೆ ನಡೆಯುತ್ತದೆಂಬುದಕ್ಕೆ ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಮೂರನೆಯ ಅಂಕದ ಮೂರನೆಯ ದೃಶ್ಯ ಒಳ್ಳೆಯ ನಿದರ್ಶನ. ಹೆಂಡತಿ ಡೆಸ್ಡಿಮೋನಳಲ್ಲಿ ಸಂಪೂರ್ಣ ವಿಶ್ವಾಸವಿಟ್ಟಿರುವ ಸೇನಾನಿ ಒಥೆಲೊ, ಆ ದೃಶ್ಯ ಮುಗಿಯುವಷ್ಟರಲ್ಲಿ, ಅಧೀನ ಅಧಿಕಾರಿ ಇಯಾಗೊನ ಮಾತಿಗೆ ಮರುಳಾಗಿ ಸೇಡಿನ ಪ್ರತಿಜ್ಞೆ ಮಾಡುತ್ತಾನೆ. ಸಾಹಿತ್ಯದ ವಿದ್ಯಾರ್ಥಿ ಇಲ್ಲಿ ಅಸೂಯೆಯನ್ನೂ ದುರಂತ ನಾಯಕನ ದೌರ್ಬಲ್ಯವನ್ನೂ ವೆನಿಸ್ ಸಮಾಜದಲ್ಲಿ ಕರಿಯ ಸೇನಾನಿಯ ಒಂಟಿತನವನ್ನೂ ಚರ್ಚಿಸುತ್ತಾನೆ. ಭಾಷೆ–ಸಾಹಿತ್ಯದ ವಿದ್ಯಾರ್ಥಿ ಇವನ್ನು ಬಿಡುವುದಿಲ್ಲ, ಆದರೆ ಅವನ ಮೊದಲ ಪ್ರಶ್ನೆ ಬೇರೆ: ನೇರ ಆರೋಪ ಒಂದನ್ನೂ ಬಹಳ ಹೊತ್ತು ಆಡದೆ ಇಯಾಗೊ ಇಷ್ಟನ್ನು ಸಾಧಿಸಿದ್ದು ಯಾವ ಮಾತಿನ ಕೌಶಲದಿಂದ?

ಉತ್ತರಕ್ಕೆ ಅವನು ತಿರುಗುವುದು ತತ್ತ್ವಜ್ಞಾನಿ ಪಾಲ್ ಗ್ರೈಸ್ ಕಡೆಗೆ. 1975ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಗ್ರೈಸ್ ಹೇಳಿದ್ದು ಇಷ್ಟು: ಮಾತುಕತೆಯಾಡುವವರು ಪರಸ್ಪರ ಸಹಕರಿಸುತ್ತಿದ್ದಾರೆಂಬ ಒಳ ಒಪ್ಪಂದವಿರುತ್ತದೆ, ಅದರಂತೆ ಬೇಕಾದಷ್ಟೇ ಹೇಳಬೇಕು, ನಿಜವನ್ನೇ ಹೇಳಬೇಕು, ಸಂಬಂಧಪಟ್ಟದ್ದನ್ನೇ ಹೇಳಬೇಕು, ಸ್ಪಷ್ಟವಾಗಿ ಹೇಳಬೇಕು, ಒಬ್ಬ ಈ ನಿಯಮವನ್ನು ಎದ್ದು ಕಾಣುವಂತೆ ಮುರಿದರೆ ಕೇಳುವವನು ಅವನನ್ನು ತಪ್ಪುಗಾರನೆನ್ನದೆ, ಆಡದೆ ಉಳಿಸಿದ ಅರ್ಥವೇನೋ ಇದೆಯೆಂದು ತಾನೇ ಊಹಿಸಿಕೊಳ್ಳುತ್ತಾನೆ. ಕನ್ನಡದ ಓದುಗರಿಗೆ ಕಾವ್ಯಮೀಮಾಂಸೆಯ ವ್ಯಂಗ್ಯಾರ್ಥ ಇಲ್ಲಿ ನೆನಪಾಗುವುದು ಸಹಜವೇ. ಇಯಾಗೊ ಮುರಿಯುವುದು ಬೇಕಾದಷ್ಟು ಹೇಳಬೇಕೆಂಬ ನಿಯಮವನ್ನು. ಡೆಸ್ಡಿಮೋನಳ ಬಳಿಯಿಂದ ಒಥೆಲೊನ ಇನ್ನೊಬ್ಬ ಅಧಿಕಾರಿ ಕ್ಯಾಸಿಯೊ ಹೊರಟುಹೋಗುವುದನ್ನು ಕಂಡು ಅರೆಬರೆ ಗೊಣಗುತ್ತಾನೆ, ಏನೆಂದು ಕೇಳಿದರೆ ಏನೂ ಇಲ್ಲವೆನ್ನುತ್ತಾನೆ. ಕ್ಯಾಸಿಯೊಗೆ ಒಥೆಲೊ–ಡೆಸ್ಡಿಮೋನರ ಪ್ರೇಮದ ವಿಷಯ ಮೊದಲೇ ತಿಳಿದಿತ್ತೇ ಎಂದು ಸುಮ್ಮನೆಂಬಂತೆ ಕೇಳಿ, ಉತ್ತರ ಬಂದಾಗ ಒಥೆಲೊನ ಪದವನ್ನೇ ಪ್ರಶ್ನೆಯ ದನಿಯಲ್ಲಿ ಅವನಿಗೆ ಹಿಂತಿರುಗಿಸುತ್ತಾನೆ. ತನ್ನ ಮಾತು ಹೀಗೆ ಪ್ರತಿಧ್ವನಿಸುವುದನ್ನು ಕೇಳಿ ಕೆರಳಿದ ಒಥೆಲೊ, ಬಿಟ್ಟ ಜಾಗವನ್ನು ತನ್ನ ಕಲ್ಪನೆಯಿಂದಲೇ ತುಂಬತೊಡಗುತ್ತಾನೆ. ದೃಶ್ಯದ ಆದಿಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ಸೇನಾನಿಯದು. ಆದರೆ ಆ ಪ್ರಶ್ನೆಗಳನ್ನು ಹುಟ್ಟಿಸುತ್ತಿರುವವನು ಇಯಾಗೊ, ಆದ್ದರಿಂದ ಮಾತಿನ ಸರದಿ ಯಾರದೆಂದು ಎಣಿಸಿದರೆ ಸಾಲದು, ವಿಷಯವನ್ನು ಯಾರು ತಿರುಗಿಸುತ್ತಿದ್ದಾರೆಂಬುದನ್ನು ನೋಡಬೇಕು. ನಾಲ್ಕನೆಯ ಅಂಕಕ್ಕೆ ಬರುವಾಗ ಒಥೆಲೊನ ಘನವಾದ ಪದ್ಯಗತಿ ಮುರಿದು ಚೂರುಚೂರು ಗದ್ಯವಾಗುತ್ತದೆ, ಅವನು ಮೂರ್ಛೆ ಹೋಗುತ್ತಾನೆ. ನಾಯಕನ ಪತನವೆಂಬ ದೊಡ್ಡ ಮಾತಿಗೆ ಇಲ್ಲಿ ವಾಕ್ಯದ ಮಟ್ಟದಲ್ಲೇ ಸಾಕ್ಷಿ ಸಿಗುತ್ತದೆ.

ಇದೇ ಸಲಕರಣೆಯನ್ನು ನಾಟಕವಲ್ಲದ, ಯಾರೂ ಬರೆಯದ ಮಾತಿಗೂ ಹಚ್ಚುವುದು ಈ ಓದಿನ ಎರಡನೆಯ ಅರ್ಧ. ಧ್ವನಿಮುದ್ರಿಸಿದ ಸಂಭಾಷಣೆಯನ್ನು ವಿದ್ಯಾರ್ಥಿಗಳು ಚುಕ್ಕಿ, ಕಂಸ, ಅಡಿಗೆರೆಗಳ ಗೊತ್ತಾದ ಸಂಕೇತಗಳಲ್ಲಿ ಬರೆದುಕೊಳ್ಳುತ್ತಾರೆ: ಕ್ಷಣಕಾಲದ ಮೌನಕ್ಕೊಂದು ಗುರುತು, ದೀರ್ಘ ಮೌನಕ್ಕೆ ಸೆಕೆಂಡುಗಳ ಎಣಿಕೆ, ಒತ್ತಿ ಹೇಳಿದ ಪದಕ್ಕೆ ಅಡಿಗೆರೆ, ಇಬ್ಬರ ಮಾತು ಒಂದರ ಮೇಲೊಂದು ಬಿದ್ದ ಕಡೆ ಇನ್ನೊಂದು ಗುರುತು. ಅಮೆರಿಕದ ಭಾಷಾವಿಜ್ಞಾನಿ ಜಾನ್ ಗಂಪರ್ಜ್ 1982ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ ಪ್ರಸಂಗವೊಂದು ಅಂಥ ವಿಶ್ಲೇಷಣೆಯ ಬಲವನ್ನು ತೋರಿಸುತ್ತದೆ. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿಗೆ ಹೊಸದಾಗಿ ಸೇರಿದ್ದ ಭಾರತ ಮತ್ತು ಪಾಕಿಸ್ತಾನ ಮೂಲದ ಮಹಿಳೆಯರು ಒರಟರೆಂದು ಮೇಲಿನವರೂ ಊಟಕ್ಕೆ ಬರುವವರೂ ದೂರುತ್ತಿದ್ದರು. ಅವರು ಗಿರಾಕಿಗಳೊಡನೆ ಆಡುತ್ತಿದ್ದ ಮಾತೇ ಕಡಿಮೆ. ಮಾಂಸದ ಊಟ ತೆಗೆದುಕೊಂಡವರಿಗೆ ಗ್ರೇವಿ ಬೇಕೇ ಎಂದು ಕೇಳಬೇಕಾದಾಗ ಬ್ರಿಟಿಷ್ ಸಹೋದ್ಯೋಗಿಗಳು ‘ಗ್ರೇವಿ’ ಎಂಬ ಒಂದೇ ಪದವನ್ನು ದನಿಯೇರಿಸಿ ಹೇಳುತ್ತಿದ್ದರು, ಈ ಮಹಿಳೆಯರು ಅದೇ ಪದವನ್ನು ದನಿಯಿಳಿಸಿ ಹೇಳುತ್ತಿದ್ದರು. ಇಂಗ್ಲಿಷರ ಕಿವಿಗೆ ಮೊದಲನೆಯದು ಉಪಚಾರ, ಎರಡನೆಯದು ಬೇಕಾದರೆ ತಗೋ ಎಂಬ ಉಡಾಫೆ. ಮುದ್ರಣವನ್ನು ಎರಡೂ ಕಡೆಯವರಿಗೆ ಕೇಳಿಸಿದಾಗ, ದನಿಯಿಳಿಸುವುದು ಆ ಮಹಿಳೆಯರ ಪಾಲಿಗೆ ಪ್ರಶ್ನೆ ಕೇಳುವ ಸಹಜ ರೀತಿಯೆಂಬುದು ಹೊರಬಿತ್ತು. ನಮ್ಮ ಆಲಂಕಾರಿಕರು ‘ಕಾಕು’ ಎಂದು ಕರೆದ ದನಿಯ ಏರಿಳಿತವೊಂದು ಸ್ವಭಾವದ ದೋಷವಾಗಿ ದಾಖಲಾಗಿಬಿಟ್ಟಿತ್ತು.

ಗಂಪರ್ಜ್ ಕನ್ನಡಿಗರಿಗೆ ಪೂರ್ತಿ ಅಪರಿಚಿತರಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳ ಕಾಲ ಅಕ್ಕಪಕ್ಕ ಬಾಳಿದ್ದರಿಂದ ಪದಗಳು ಬೇರೆಬೇರೆಯಾಗಿಯೇ ಉಳಿದು ವಾಕ್ಯರಚನೆಗಳು ಮಾತ್ರ ಒಂದರ ಅಚ್ಚಿನಲ್ಲಿ ಇನ್ನೊಂದು ಎಂಬಷ್ಟು ಹತ್ತಿರ ಬಂದಿವೆ ಎಂದು 1971ರಲ್ಲಿ ರಾಬರ್ಟ್ ವಿಲ್ಸನ್ ಜೊತೆಗೂಡಿ ತೋರಿಸಿದವರೂ ಅವರೇ.

ಪಠ್ಯಕ್ರಮದ ವಿವರಗಳು ಮಂಡಳಿಯಿಂದ ಮಂಡಳಿಗೆ ಬದಲಾಗುತ್ತವೆ. 2015ರಲ್ಲಿ ಬೋಧನೆ ಆರಂಭವಾಗಿ 2017ರಲ್ಲಿ ಮೊದಲ ಪರೀಕ್ಷೆ ಕಂಡ ಎಕ್ಯೂಎ ಮಂಡಳಿಯ ಭಾಷೆ–ಸಾಹಿತ್ಯ ಪಠ್ಯಕ್ರಮವನ್ನು ಮಾದರಿಯಾಗಿ ನೋಡಬಹುದು. ಅದರ ಒಂದು ಭಾಗದಲ್ಲಿ ಪ್ಯಾರಿಸ್ ನಗರವನ್ನು ಕುರಿತ ಪ್ರವಾಸ ಕಥನ, ಆತ್ಮಚರಿತ್ರೆ, ಮಾರ್ಗದರ್ಶಿ, ಆಡುಮಾತಿನ ಮುದ್ರಣಗಳ ಸಂಕಲನವನ್ನು ಇಟ್ಟು, ಒಂದೇ ಊರನ್ನು ಬೇರೆಬೇರೆ ಬರಹಗಾರರು ಬೇರೆಬೇರೆ ಓದುಗರಿಗಾಗಿ ಹೇಗೆ ಕಟ್ಟಿಕೊಡುತ್ತಾರೆಂದು ಹೋಲಿಸಲು ಹೇಳುತ್ತಾರೆ. ಪಕ್ಕದಲ್ಲೇ ‘ಫ್ರಾಂಕೆನ್‌ಸ್ಟೈನ್’ ಅಥವಾ ‘ಡ್ರ್ಯಾಕುಲಾ’ದಂಥ ಕಾದಂಬರಿ, ಜಾನ್ ಡನ್ ಅಥವಾ ಶೇಮಸ್ ಹೀನಿಯಂಥ ಕವಿ. ಹೆಚ್ಚು ಕುತೂಹಲಕರವಾದದ್ದು ಮರುರಚನೆಯ ಪ್ರಶ್ನೆ. ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯಂಥ ಕೃತಿಯ ಒಂದು ಭಾಗವನ್ನು ಕೊಟ್ಟು, ಮೂಲದ ನಿರೂಪಕನನ್ನು ಬದಿಗಿಟ್ಟು, ಅದೇ ಸಂದರ್ಭವನ್ನು ಇನ್ನೊಂದು ಪಾತ್ರದ ಬಾಯಲ್ಲಿ ಸುಮಾರು 300 ಪದಗಳಲ್ಲಿ ಬರೆಯಬೇಕು. ಅಷ್ಟಕ್ಕೆ ಮುಗಿಯುವುದಿಲ್ಲ: ತಾನು ಬರೆದದ್ದರ ಮೇಲೆ ತಾನೇ ಟಿಪ್ಪಣಿ ಬರೆದು, ಈ ಪದವನ್ನೇಕೆ ಆರಿಸಿದೆ, ಆ ವಾಕ್ಯವನ್ನೇಕೆ ಮೊಟಕು ಮಾಡಿದೆ, ಮೂಲದಲ್ಲಿ ಮರೆಯಾಗಿದ್ದ ಏನನ್ನು ಇದು ಮುಂದೆ ತಂದಿತು ಎಂದು ಸಮರ್ಥಿಸಿಕೊಳ್ಳಬೇಕು. ಬರೆಯುವ ಕೈಯನ್ನೂ ಪರೀಕ್ಷಿಸುವ ಕಣ್ಣನ್ನೂ ಒಟ್ಟಿಗೆ ಪಳಗಿಸುವ ಇಂಥ ಪ್ರಶ್ನೆ ನಮ್ಮ ಐಚ್ಛಿಕ ಕನ್ನಡದ ಪತ್ರಿಕೆಗಳಲ್ಲೂ ಇದ್ದಿದ್ದರೆ ಎಂದು ಆಸೆಪಡುವುದು ಅತಿಯೇನಲ್ಲ.

ಒಟ್ಟು ಅಂಕಗಳಲ್ಲಿ ಶೇ. 80 ಕೊನೆಯ ಲಿಖಿತ ಪರೀಕ್ಷೆಗಳಿಗೆ ಮೀಸಲು, ಉಳಿದ ಶೇ. 20 ವಿದ್ಯಾರ್ಥಿ ಸ್ವತಂತ್ರವಾಗಿ ಮಾಡುವ ಪ್ರಬಂಧಕ್ಕೆ. ಭಾಷೆ–ಸಾಹಿತ್ಯದಲ್ಲಿ ಈ ಪ್ರಬಂಧ 2,500ರಿಂದ 3,000 ಪದಗಳದು, ಮತ್ತು ಒಂದು ಸಾಹಿತ್ಯ ಕೃತಿಯನ್ನೂ ಸಾಹಿತ್ಯವಲ್ಲದ ಒಂದಿಷ್ಟು ಭಾಷಾಸಾಮಗ್ರಿಯನ್ನೂ ಒಂದೇ ಪ್ರಶ್ನೆಯ ಮುಂದೆ ನಿಲ್ಲಿಸುವುದು ಅದರ ಷರತ್ತು: ಹೆರಾಲ್ಡ್ ಪಿಂಟರ್ ನಾಟಕದ ಮೌನಗಳನ್ನು ಮನೆಯೊಂದರ ಊಟದ ಮೇಜಿನ ಮೌನಗಳೊಂದಿಗೆ, ರೋಮನ್ ನಾಟಕದ ಭಾಷಣವನ್ನು ಸಂಸತ್ತಿನ ಭಾಷಣದೊಂದಿಗೆ ಹೋಲಿಸಬಹುದು. ಮಾತನ್ನು ಮುದ್ರಿಸಿಕೊಳ್ಳುವ ಮೊದಲು ಆಡುವವರ ಒಪ್ಪಿಗೆ ಪಡೆಯುವುದು, ಬರೆಯುವಾಗ ಅವರ ಹೆಸರನ್ನು ಮರೆಸುವುದು ಮೊದಲಾದ ಸಂಶೋಧನೆಯ ಶಿಷ್ಟಾಚಾರಗಳನ್ನು ಹದಿನೇಳರ ವಯಸ್ಸಿಗೇ ಕಲಿಯುವ ಅವಕಾಶ ಇಲ್ಲಿದೆ. 2015ರ ಸುಧಾರಣೆಗೆ ಮುಂಚೆ ಇಂಥ ಕೆಲಸಕ್ಕೆ ಶೇ. 40 ಅಂಕಗಳಿದ್ದವು, ಆ ಸುಧಾರಣೆಯನ್ನು ರೂಪಿಸಿದ ಶಿಕ್ಷಣ ಸಚಿವ ಮೈಕೆಲ್ ಗೋವ್ ಎರಡು ವರ್ಷದ ಓದಿನ ಬಹುಭಾಗವನ್ನು ಕೊನೆಯ ಬೇಸಿಗೆಯ ಕೆಲವು ದಿನಗಳ ಪರೀಕ್ಷೆಗೆ ಕಟ್ಟಿಹಾಕಿದರು. ಅಂಕದ ನ್ಯಾಯದ ದೃಷ್ಟಿಯಿಂದ ಅದಕ್ಕೆ ಸಮರ್ಥನೆಯಿರಬಹುದು, ಓದಿನ ದೃಷ್ಟಿಯಿಂದ ಅದು ನಷ್ಟವೇ.

ಮೌಲ್ಯಮಾಪನದಲ್ಲಿ ಐದು ಗುರಿಗಳನ್ನು ಅಕ್ಷರಶಃ ಪಟ್ಟಿ ಮಾಡಲಾಗಿದೆ: ಭಾಷೆ ಮತ್ತು ಸಾಹಿತ್ಯದ ಪರಿಕಲ್ಪನೆಗಳನ್ನು ಬೆಸೆದು ಬಳಸುವುದು, ಅರ್ಥ ರೂಪುಗೊಳ್ಳುವ ಬಗೆಯನ್ನು ವಿಶ್ಲೇಷಿಸುವುದು, ಕೃತಿ ಹುಟ್ಟಿದ ಮತ್ತು ಓದಲ್ಪಡುವ ಸಂದರ್ಭವನ್ನು ತಿಳಿಯುವುದು, ಕೃತಿಗಳ ನಡುವೆ ಸಂಬಂಧ ಕಾಣುವುದು, ತಾನೇ ಸೃಜನಶೀಲವಾಗಿ ಬರೆಯುವುದು. ಈ ಬಿಚ್ಚುನುಡಿಯಿಂದ ಪರೀಕ್ಷೆ ಪಾರದರ್ಶಕವಾಯಿತು, ಜೊತೆಗೆ ಒಂದು ರೋಗವನ್ನೂ ಅಂಟಿಸಿಕೊಂಡಿತು. ಪಾರಿಭಾಷಿಕ ಪದವೊಂದಕ್ಕೆ ಅಂಕವಿದೆಯೆಂದು ತಿಳಿದ ವಿದ್ಯಾರ್ಥಿ ಕವಿತೆಯಲ್ಲಿ ಅನುಪ್ರಾಸ ಎಲ್ಲಿದೆ, ಆಜ್ಞಾರ್ಥಕ ಕ್ರಿಯಾಪದ ಎಲ್ಲಿದೆ ಎಂದು ಹೆಸರಿಟ್ಟುಕೊಂಡು ಹೋಗುತ್ತಾನೆ, ಹೆಸರಿಟ್ಟದ್ದು ಅಲ್ಲಿ ಮಾಡುತ್ತಿರುವ ಕೆಲಸವೇನೆಂದು ಕೇಳಿಕೊಳ್ಳುವುದೇ ಇಲ್ಲ. ಲಕ್ಷಣ ಹೆಕ್ಕುವ ಈ ಚಾಳಿಯ ಬಗ್ಗೆ ಅಲ್ಲಿನ ಶಿಕ್ಷಕರು ನಿರಂತರವಾಗಿ ಎಚ್ಚರಿಸುತ್ತಾರೆ. ಬೆಸೆದ ವಿಷಯದಲ್ಲಿ ಪರಿಭಾಷೆಯ ದಾಸ್ತಾನು ದೊಡ್ಡದಾದ್ದರಿಂದ ಅಪಾಯವೂ ಅಲ್ಲೇ ಹೆಚ್ಚು, ಮತ್ತು ಬೇಟ್ಸನ್ ಎತ್ತಿದ್ದ ಆಕ್ಷೇಪಣೆಗೆ ಇಂಥ ಉತ್ತರ ಪತ್ರಿಕೆಗಳೇ ಬಲ ಕೊಡುತ್ತವೆ.

ಸ್ಥಾನಮಾನದ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ 24 ಸಂಶೋಧನಾ ವಿಶ್ವವಿದ್ಯಾಲಯಗಳ ಕೂಟವಾದ ರಸೆಲ್ ಗ್ರೂಪ್, ಹೆಚ್ಚು ಪದವಿಗಳಿಗೆ ದಾರಿ ತೆರೆಯುವ ಎ ಲೆವೆಲ್ ವಿಷಯಗಳ ಪಟ್ಟಿಯೊಂದನ್ನು ಬಹುಕಾಲ ಪ್ರಕಟಿಸುತ್ತಿತ್ತು. ಅದರಲ್ಲಿ ಗಣಿತ, ವಿಜ್ಞಾನಗಳ ಸಾಲಿನಲ್ಲಿ ಇಂಗ್ಲಿಷ್ ಸಾಹಿತ್ಯವಿತ್ತು, ಭಾಷೆಯಾಗಲಿ ಬೆಸೆದ ವಿಷಯವಾಗಲಿ ಇರಲಿಲ್ಲ. ಕಲೆ ಮತ್ತು ಇತರ ವಿಷಯಗಳನ್ನು ಕಡೆಗಣಿಸಿತೆಂಬ ಟೀಕೆಗಳ ನಡುವೆ 2019ರಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತಾದರೂ ಪೋಷಕರ ಮನಸ್ಸಿನಿಂದ ಅದು ಅಷ್ಟು ಬೇಗ ಅಳಿಸಿಹೋಗಲಿಲ್ಲ. ಇಷ್ಟರಲ್ಲಿ ಸಾಹಿತ್ಯದ ಕಾಲ ಕೆಳಗಿನ ನೆಲವೇ ಕುಸಿಯತೊಡಗಿತ್ತು: 2022ರಲ್ಲಿ ಇಂಗ್ಲಿಷ್ ಸಾಹಿತ್ಯ ಅತಿ ಹೆಚ್ಚು ವಿದ್ಯಾರ್ಥಿಗಳ ಹತ್ತು ಎ ಲೆವೆಲ್ ವಿಷಯಗಳ ಸಾಲಿನಿಂದ ಹೊರಬಿದ್ದು ಭೂಗೋಳಕ್ಕೆ ಜಾಗ ಬಿಟ್ಟುಕೊಟ್ಟಿತು, ಅದೇ ವರ್ಷ ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯ ಇಂಗ್ಲಿಷ್ ಸಾಹಿತ್ಯದ ಪ್ರತ್ಯೇಕ ಪದವಿಯನ್ನು ಸ್ಥಗಿತಗೊಳಿಸುವುದಾಗಿ ತಿಳಿಸಿತು, 2024ರಲ್ಲಿ ಗಣಿತದ ಎ ಲೆವೆಲ್‌ಗೆ ಕುಳಿತವರು ಲಕ್ಷ ದಾಟಿದರು. ಪದವಿಯ ಸಾಲದ ಹೊರೆ ಹೊತ್ತ ಪೀಳಿಗೆ ಸಂಬಳದ ಲೆಕ್ಕ ಹಾಕುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಶಿಕ್ಷಕರು ಜಿಸಿಎಸ್‌ಇ ಮಟ್ಟದಲ್ಲೇ ಕಾಣುತ್ತಾರೆ: ಪುಸ್ತಕ ಮುಚ್ಚಿಟ್ಟು ಬರೆಯುವ ಪರೀಕ್ಷೆಗಾಗಿ ಉದ್ಧರಣೆಗಳನ್ನು ಉರುಹೊಡೆದ ಹದಿನಾರರ ಮಕ್ಕಳಿಗೆ ಇಂಗ್ಲಿಷೆಂದರೆ ಕಂಠಪಾಠವೆಂಬ ಭಾವನೆ ಬಂದುಬಿಟ್ಟಿರುತ್ತದೆ, ಎ ಲೆವೆಲ್ ಅದಕ್ಕಿಂತ ಬೇರೆಯೆಂದು ತಿಳಿಯುವ ಮೊದಲೇ ಅವರು ವಿಷಯದಿಂದ ದೂರ ಸರಿದಿರುತ್ತಾರೆ.

ಯಾರ ಪುಸ್ತಕಗಳನ್ನು ಓದಿಸಬೇಕೆಂಬ ವಾದ ಇವೆಲ್ಲದರ ಜೊತೆಗೇ ನಡೆದಿದೆ. ಎಡೆಕ್ಸೆಲ್ ಸಾಹಿತ್ಯ ಪಠ್ಯಕ್ರಮದಲ್ಲಿ ವಸಾಹತುಶಾಹಿ ಮತ್ತು ಅದರ ಆನಂತರದ ಕಾಲ ಎಂಬ ಶೀರ್ಷಿಕೆಯಡಿ ಇ. ಎಂ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನೋ ಟ್ರಿನಿಡಾಡ್ ಮೂಲದ ಸ್ಯಾಮ್ ಸೆಲ್ವನ್ ಅವರ ‘ದಿ ಲೋನ್ಲಿ ಲಂಡನರ್ಸ್’ ಕೃತಿಯನ್ನೋ ಓದಬಹುದು. ಎಕ್ಯೂಎ ಪಟ್ಟಿಯಲ್ಲಿ ಅರುಂಧತಿ ರಾಯ್ ಅವರ ‘ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್’ ಇದೆ. ಪಟ್ಟಿಯಲ್ಲಿ ಇರುವುದು ಬೇರೆ, ಶಾಲೆ ಆರಿಸುವುದು ಬೇರೆ: ಪೆಂಗ್ವಿನ್ ಪ್ರಕಾಶನ ಮತ್ತು ರನ್ನಿಮೀಡ್ ಟ್ರಸ್ಟ್ ಸೇರಿ ನಡೆಸಿದ ‘ಲಿಟ್ ಇನ್ ಕಲರ್’ ಅಧ್ಯಯನದ 2021ರ ವರದಿಯ ಪ್ರಕಾರ, ಜಿಸಿಎಸ್‌ಇ ಮಟ್ಟದಲ್ಲಿ ಬಿಳಿಯರಲ್ಲದ ಲೇಖಕರ ಪುಸ್ತಕವನ್ನು ಓದುತ್ತಿದ್ದ ವಿದ್ಯಾರ್ಥಿಗಳು ಶೇ. 1ಕ್ಕಿಂತ ಕಡಿಮೆಯಿದ್ದರು. ಶಾಲೆಯಲ್ಲಿರುವ ಪುಸ್ತಕದ ದಾಸ್ತಾನು, ಶಿಕ್ಷಕರ ಕೈಲಿರುವ ಹಳೆಯ ಟಿಪ್ಪಣಿ, ಹೊಸ ಪ್ರತಿ ಕೊಳ್ಳಲು ಇಲ್ಲದ ಹಣ ಇವೇ ಆಯ್ಕೆಯನ್ನು ನಿರ್ಧರಿಸುವಾಗ ಮಂಡಳಿಯ ಉದಾರತೆ ಕಾಗದದ ಮೇಲೆಯೇ ಉಳಿಯುತ್ತದೆ.

ಭಾಷೆಯ ತರಗತಿಯಲ್ಲಿ ಭಾರತಕ್ಕೆ ಸಿಕ್ಕಿರುವ ಜಾಗ ಇದಕ್ಕಿಂತ ಗಟ್ಟಿಯಾದದ್ದು. ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೋಧಿಸಿದ ಬ್ರಜ್ ಕಚ್ರು 1985ರಲ್ಲಿ ಮಂಡಿಸಿದ ಮೂರು ವೃತ್ತಗಳ ಮಾದರಿಯನ್ನು ಜಾಗತಿಕ ಇಂಗ್ಲಿಷ್ ಕುರಿತ ಪಾಠದಲ್ಲಿ ಬಿಡುವಂತಿಲ್ಲ: ಇಂಗ್ಲಿಷ್ ಮನೆಮಾತಾಗಿರುವ ಬ್ರಿಟನ್, ಅಮೆರಿಕದಂಥ ದೇಶಗಳು ಒಳವೃತ್ತ, ವಸಾಹತು ಆಡಳಿತದ ಮೂಲಕ ಬಂದು ಎರಡನೆಯ ಭಾಷೆಯಾಗಿ ನೆಲೆನಿಂತ ಭಾರತ, ನೈಜೀರಿಯದಂಥವು ಹೊರವೃತ್ತ, ವಿದೇಶಿ ಭಾಷೆಯಾಗಿ ಕಲಿಯುವ ಚೀನಾ, ಜಪಾನುಗಳು ವಿಸ್ತರಿಸುತ್ತಿರುವ ವೃತ್ತ. ಹೊರವೃತ್ತದ ಇಂಗ್ಲಿಷುಗಳು ಅರೆಕಲಿತವರ ತಪ್ಪುಗಳಲ್ಲ, ತಮ್ಮದೇ ನಿಯಮಗಳುಳ್ಳ ಪ್ರಭೇದಗಳು ಎಂಬುದು ಕಚ್ರು ವಾದದ ತಿರುಳು. ಮಾದರಿಯನ್ನು ಒಪ್ಪಿಸಿದರಷ್ಟೇ ಒಳ್ಳೆಯ ಅಂಕ ಬರುವುದಿಲ್ಲ, ಅದರ ಮಿತಿಯನ್ನೂ ತೋರಿಸಬೇಕು, ಮತ್ತು ಆ ಮಿತಿ ಕಾಣಿಸುವುದು ಕಷ್ಟವೇನಲ್ಲ. ಅದು ಎಣಿಸುವುದು ದೇಶಗಳನ್ನು, ಮಾತಾಡುವವರನ್ನಲ್ಲ. ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಯೊಂದರಲ್ಲಿ ಕೇಂಬ್ರಿಜ್ ಮಂಡಳಿಯ ಎ ಲೆವೆಲ್ ಓದುವ, ಇಂಗ್ಲಿಷನ್ನೇ ಮೊದಲ ಭಾಷೆಯಾಗಿ ಆಡಿ ಬೆಳೆದ ಹುಡುಗಿ ಈ ಲೆಕ್ಕದಲ್ಲಿ ಹೊರವೃತ್ತದವಳು. ಲಂಡನ್ನಿನಲ್ಲಿ ಹುಟ್ಟಿ, ಮನೆಯಲ್ಲಿ ಅಜ್ಜಿಯೊಡನೆ ಕನ್ನಡದಲ್ಲೂ ಅಪ್ಪನೊಡನೆ ಎರಡೂ ಬೆರೆತ ಮಾತಿನಲ್ಲೂ ವ್ಯವಹರಿಸಿ, ಶಾಲೆಯ ಗೆಳೆಯರ ನಡುವೆ ಕೆರಿಬಿಯನ್ ಮತ್ತು ಬಾಂಗ್ಲಾ ಮೂಲದ ಹುಡುಗರಿಂದ ಕಲಿತ ಲಂಡನ್ ಮಾತನ್ನಾಡುವ ಇನ್ನೊಬ್ಬಳು ಒಳವೃತ್ತದವಳು. ಇಬ್ಬರ ಮಾತನ್ನೂ ಮುದ್ರಿಸಿಕೊಂಡು, ಸಂಕೇತಗಳಲ್ಲಿ ಬರೆದುಕೊಂಡು, ಯಾವ ಸಂದರ್ಭದಲ್ಲಿ ಯಾರೊಡನೆ ಯಾವ ರೂಪ ಬಂತೆಂದು ಎಣಿಸಿದ ಮೇಲೆ ವೃತ್ತದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಹದಿನೇಳರ ವಿದ್ಯಾರ್ಥಿಯೇ ವಾದಿಸಿ ಬರೆಯಬೇಕಾದ ಪ್ರಶ್ನೆಯಾಗುತ್ತದೆ.